ಮಾನಿಟರ್ ತಗೊಳ್ಳೋ ಮುಂಚೆ ಪರದೆ ಪೂರ್ತಿ ಕಪ್ಪು ಮಾಡಿಸಿ ನೋಡಿ

ತುಮಕೂರಿನಲ್ಲಿ ಮಾನಿಟರ್ ತಗೊಳ್ಳೋರು ದಯವಿಟ್ಟು ಇದನ್ನು ಓದಿ. ಇನ್ನೂ ಹೊಟ್ಟೆ ಉರೀತಿದೆ.

ಮದುವೆ ಆಲ್ಬಂ ಡಿಸೈನ್ ಮಾಡೋದು ನನ್ನ ಕೆಲಸ. ಅದಕ್ಕೇ ಹೊಸ ಮಾನಿಟರ್ ತಗೊಂಡೆ. ಅಂಗಡಿಯವರು ಒಳಗಿನಿಂದ ಬಾಕ್ಸ್ ತಂದು, ನನ್ನೆದುರೇ ಟೇಪ್ ಕೊಯ್ದು, ಆನ್ ಮಾಡಿ ತೋರಿಸಿದರು. ತೋರಿಸಿದ್ದೇನು? ಹೂವು, ಜಲಪಾತದ ವಿಡಿಯೋ. ಪರದೆ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೀರಿ ಅಂದರೆ, "ಗೀರು ಬೀಳುತ್ತೆ ಸಾರ್, ಮನೇಲಿ ತೆಗೀರಿ" ಅಂದರು.

ಮನೆಯಲ್ಲಿ ಹಾಳೆ ತೆಗೆದು ಆಲ್ಬಂ ತೆರೆದೆ. ಕಪ್ಪು ಹಿನ್ನೆಲೆಯ ನಡುವೆ ಕೆಂಪು ಚುಕ್ಕಿ. ಒರೆಸಿದೆ, ಹೋಗಲಿಲ್ಲ. ಫೋಟೊ ಸರಿಸಿದೆ, ಚುಕ್ಕಿ ಅಲ್ಲೇ. ಬಿಳಿ ಪರದೆ ಹಾಕಿದರೆ ಇನ್ನೊಂದು ಕಡೆ ಕರಿ ಚುಕ್ಕಿ! ಪಿಕ್ಸೆಲ್ ಅಂದರೆ ಪರದೆ ಮೇಲೆ ಚಿತ್ರ ಮೂಡಿಸೋ ಸಣ್ಣ ಚುಕ್ಕಿ. ಒಂದು ಸ್ಟಕ್ ಪಿಕ್ಸೆಲ್, ಅಂದರೆ ಆರದೇ ಬೆಳಗುತ್ತಲೇ ಇರೋದು; ಒಂದು ಡೆಡ್ ಪಿಕ್ಸೆಲ್, ಅಂದರೆ ಬೆಳಗೋದೇ ಇಲ್ಲದ್ದು. ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ ಇರುತ್ತೆ. ಕೆಂಪು ಆರದೇ ಉಳಿದರೆ ಕಪ್ಪಿನಲ್ಲಿ ಎದ್ದು ಕಾಣುತ್ತೆ, ಬಿಳಿಯಲ್ಲಿ ಕಾಣೋದೇ ಇಲ್ಲ. ಓಡುವ ವಿಡಿಯೋದಲ್ಲಿ ಯಾರ ಕಣ್ಣಿಗೆ ಬೀಳುತ್ತೆ ಹೇಳಿ?

ವಾಪಸ್ ಕೊಡೋಣ ಅಂತ ಬಾಕ್ಸ್‌ಗೆ ಹಾಕುವಾಗ ನೋಡಿದೆ. ಕೊಯ್ದ ಟೇಪಿನ ಅಡಿಯಲ್ಲಿ ಇನ್ನೊಂದು ಟೇಪ್. ಅದೂ ಕೊಯ್ದದ್ದೇ, ಪಕ್ಕದಲ್ಲಿ ಬೇರೆ ಗೆರೆ. ಅಂದರೆ ಮುಂಚೆಯೇ ಬಿಚ್ಚಿದ್ದ ಬಾಕ್ಸ್‌ಗೆ ಹೊಸ ಟೇಪ್ ಅಂಟಿಸಿ, ಹೊಸದು ಅಂತ ನನ್ನೆದುರು ಕೊಯ್ದಿದ್ದಾರೆ! ಕೈಯೇ ನಡುಗಿತು.

ಅಂಗಡಿಯಲ್ಲಿ ಮೊದಲು "ಧೂಳು ಸಾರ್" ಅಂದರು. ಆಮೇಲೆ "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ." ಟೇಪ್ ತೋರಿಸಿದಾಗ ಮಾತೇ ಇಲ್ಲ. ಕೊನೆಗೆ, "ಇಪ್ಪತ್ತು ಲಕ್ಷದಲ್ಲಿ ಎರಡು ಹೋದರೆ ಏನ್ ಸಾರ್? ಕಂಪನಿ ರೂಲ್ಸೇ ಹಾಗಿದೆ." ಅಷ್ಟು ಗಿರಾಕಿಗಳ ಮುಂದೆ ನಾನೇ ತಗಾದೆ ತೆಗೆಯುವವನ ಥರ ನಿಲ್ಲಬೇಕಾಯಿತು. 1920 × 1080 ಪರದೆಯಲ್ಲಿ 20,73,600 ಪಿಕ್ಸೆಲ್ ಇರೋದು ನಿಜ. ಐಎಸ್‌ಒ 9241-307 ಅನ್ನೋ ಮಾನದಂಡದ ಕೆಲವು ದರ್ಜೆಗಳಲ್ಲಿ ಒಂದೆರಡು ದೋಷಕ್ಕೆ ಅವಕಾಶ ಇರೋದೂ ನಿಜ. ಅದನ್ನು ದುಡ್ಡು ಎಣಿಸಿಕೊಳ್ಳುವ ಮುಂಚೆ ಹೇಳಬೇಕಿತ್ತು ಅಲ್ವಾ? ಬಿಚ್ಚಿದ ಬಾಕ್ಸ್‌ಗೆ ಟೇಪ್ ಅಂಟಿಸೋದು ಯಾವ ರೂಲ್ಸು?

ಹಾಳೆ ಅಲ್ಲೇ ತೆಗೆಸಿ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಈ ಐದು ಖಾಲಿ ಚಿತ್ರ ಪೆನ್‌ಡ್ರೈವ್‌ನಲ್ಲಿ ನೀವೇ ಒಯ್ದು ಪರದೆ ತುಂಬ ಹಾಕಿಸಿ ನೋಡಿ. ಪಿಕ್ಸೆಲ್ ಹೋಗಿದ್ದರೆ ಬದಲಾಯಿಸಿ ಕೊಡುತ್ತೇವೆ ಅಂತ ಬಿಲ್ ಮೇಲೆ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಟೇಪ್ ನೋಡಿ, ಟೇಪ್!

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬದಲಾಯಿಸಿ ಕೊಡದಿದ್ದರೆ ಟೇಪಿನ ಫೋಟೊ ಹಿಡಿದು ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕ ಇಲ್ಲ.