8 ಜಿಬಿ ರ‍್ಯಾಮ್‌ನಲ್ಲಿ ರೀಪರ್: ಹೇಗೆ ನಡೆಯುತ್ತೆ?

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು 8 ಜಿಬಿ ರ‍್ಯಾಮ್. ಬೋರ್ಡಿಗೇ ಬೆಸುಗೆ ಹಾಕಿ ಬಂದಿದೆ, ಹೆಚ್ಚಿಸಲು ದಾರಿಯೇ ಇಲ್ಲ. ನಾನು ಮಾಡುವುದು ಕಿರುಚಿತ್ರಗಳ ಹಿನ್ನೆಲೆ ಸಂಗೀತ. ಪಿಯಾನೋ, ವಯಲಿನ್, ಚೆಲ್ಲೋ ಎಲ್ಲವೂ ಸ್ಯಾಂಪಲ್ ಲೈಬ್ರರಿಗಳಿಂದಲೇ, ಅಂದರೆ ನಿಜವಾದ ವಾದ್ಯಗಳ ಸ್ವರಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿಟ್ಟ ಸಂಗ್ರಹಗಳಿಂದಲೇ ಬರಬೇಕು. ಇಷ್ಟಾದರೂ ಕೆಲಸ ಸಲೀಸಾಗಿ ಸಾಗುತ್ತಿರುವುದು ರೀಪರ್ ಎಂಬ ಸಂಗೀತ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಿಂದ. ರ‍್ಯಾಮ್ ಸಾಲದೆ ಒದ್ದಾಡುವವರಿಗಾಗಿ ಈ ವಿಮರ್ಶೆ.

ಮೊದಲು ರ‍್ಯಾಮ್ ಎಲ್ಲಿ ಹೋಗುತ್ತದೆ ಅಂತ ನೋಡೋಣ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದರೆ ಸೆಕೆಂಡಿಗೆ 2,88,000 ಬೈಟ್. ಹತ್ತು ಸೆಕೆಂಡಿನ ಒಂದು ಸ್ವರಕ್ಕೆ ಸುಮಾರು 2.9 ಎಂಬಿ. ಅದೇ ಸ್ವರವನ್ನು ಮೆಲ್ಲಗೆ, ಜೋರಾಗಿ ಎಂದು ನಾಲ್ಕು ಹಂತಗಳಲ್ಲಿ, ಪ್ರತಿ ಹಂತದಲ್ಲೂ ಮೂರು ಸಲ ರೆಕಾರ್ಡ್ ಮಾಡಿದ್ದರೆ 35 ಎಂಬಿ. ಅಂಥ ಮೂವತ್ತು ಸ್ವರಗಳಾದರೆ ಒಂದು ಜಿಬಿ ಮುಗಿಯಿತು. ಅದೂ ಒಂದೇ ವಾದ್ಯ, ಒಂದೇ ನುಡಿಸುವ ಶೈಲಿ! ಅದಕ್ಕೇ ಸ್ಯಾಂಪ್ಲರ್‌ಗಳು (ಈ ಲೈಬ್ರರಿಗಳನ್ನು ನುಡಿಸುವ ಸಾಫ್ಟ್‌ವೇರ್‌ಗಳು) ಪ್ರತಿ ಸ್ಯಾಂಪಲ್‌ನ ಮೊದಲ ತುಣುಕನ್ನಷ್ಟೇ ರ‍್ಯಾಮ್‌ನಲ್ಲಿಟ್ಟು, ಉಳಿದದ್ದನ್ನು ಡಿಸ್ಕ್‌ನಿಂದ ಎಳೆದುಕೊಳ್ಳುತ್ತವೆ. ಆದರೂ ಟ್ರ್ಯಾಕ್ ಹೆಚ್ಚಾದಂತೆ ಆ ತುಣುಕುಗಳೇ ರಾಶಿಯಾಗುತ್ತವೆ.

ಇಲ್ಲಿ ರೀಪರ್‌ನ ಫ್ರೀಜ್ ನನಗೆ ಬಲು ಇಷ್ಟ. ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರೀಜ್ ಕೊಟ್ಟರೆ ಆ ವಾದ್ಯ ಆಡಿಯೋ ಫೈಲ್ ಆಗುತ್ತದೆ, ಪ್ಲಗಿನ್ (ರೀಪರ್ ಒಳಗೆ ಸೇರಿಸಿಕೊಳ್ಳುವ ವಾದ್ಯ ಅಥವಾ ಎಫೆಕ್ಟ್‌ನ ಸಾಫ್ಟ್‌ವೇರ್) ಮೆಮೊರಿಯಿಂದ ಇಳಿಯುತ್ತದೆ. ನಾಲ್ಕು ನಿಮಿಷದ ಸ್ಟೀರಿಯೋ ಟ್ರ್ಯಾಕ್‌ಗೆ ಹೆಚ್ಚೆಂದರೆ 70 ಎಂಬಿ, ಅದೂ ಡಿಸ್ಕ್‌ನಲ್ಲಿ. ಜಿಬಿ ಲೆಕ್ಕದಲ್ಲಿ ಕೂತಿದ್ದ ವಾದ್ಯದ ಜಾಗದಲ್ಲಿ ಇಷ್ಟೇ ಅಂದರೆ ಎಂಥ ಬಿಡುಗಡೆ ಅಲ್ವಾ? ಸ್ವರ ಬದಲಿಸಬೇಕೆನಿಸಿದರೆ ಅನ್‌ಫ್ರೀಜ್ ಮಾಡಿದರಾಯಿತು, ಮಿಡಿ, ಅಂದರೆ ಯಾವ ಸ್ವರ ಯಾವಾಗ ನುಡಿಯಬೇಕು ಎಂಬ ದಾಖಲೆ, ಇದ್ದ ಹಾಗೇ ವಾಪಸ್ ಬರುತ್ತದೆ. ಲೈಬ್ರರಿ ಮತ್ತೆ ಲೋಡ್ ಆಗುವವರೆಗೆ ಕಾಯಬೇಕು, ಅಷ್ಟೇ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಬೈಪಾಸ್ ಬೇರೆ, ಆಫ್‌ಲೈನ್ ಬೇರೆ. ಬೈಪಾಸ್ ಮಾಡಿದರೆ ಪ್ಲಗಿನ್‌ನ ಪರಿಣಾಮ ನಿಲ್ಲುತ್ತದೆ, ಆದರೆ ಅದು ಮೆಮೊರಿಯಲ್ಲಿ ಹಾಗೇ ಕೂತಿರುತ್ತದೆ. ಆಫ್‌ಲೈನ್ ಮಾಡಿದಾಗ ಮಾತ್ರ ಎದ್ದು ಹೋಗುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಒತ್ತಿಕೊಂಡು ಪ್ಲಗಿನ್ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಸಾಕು. ಸೆಟ್ಟಿಂಗ್‌ಗಳು ಪ್ರಾಜೆಕ್ಟ್‌ನಲ್ಲೇ ಉಳಿಯುತ್ತವೆ. ಸೇವ್ ಮಾಡಿ ಮುಚ್ಚಿದರೆ, ಮುಂದಿನ ಸಲ ಆಫ್‌ಲೈನ್ ಇರುವ ಪ್ಲಗಿನ್‌ಗಳು ಲೋಡ್ ಆಗುವುದೇ ಇಲ್ಲ, ಪ್ರಾಜೆಕ್ಟ್ ಚಕ್ ಅಂತ ತೆರೆದುಕೊಳ್ಳುತ್ತದೆ. ಕೆಲವು ಸ್ಯಾಂಪ್ಲರ್‌ಗಳು ಹಿಡಿದ ಜಾಗವನ್ನು ತಕ್ಷಣ ಬಿಟ್ಟುಕೊಡುವುದಿಲ್ಲ. ಆಗಲೂ ಇದೇ ಮದ್ದು: ಸೇವ್ ಮಾಡಿ, ಮುಚ್ಚಿ, ತೆರೆಯಿರಿ.

ಎಷ್ಟು ರ‍್ಯಾಮ್ ಹೋಯಿತು ಅಂತ ನೋಡಲು ಪರ್ಫಾರ್ಮೆನ್ಸ್ ಮೀಟರ್ ಇದೆ. ನಾನು ಅದನ್ನು ಕೆಳಗೆ ಮೂಲೆಯಲ್ಲಿ ಸದಾ ತೆರೆದಿಟ್ಟಿರುತ್ತೇನೆ. ಅದು ಒಟ್ಟು ಲೆಕ್ಕ ಕೊಡುತ್ತದೆ. ಯಾವುದೋ ಒಂದು ಪ್ಲಗಿನ್ ಮೇಲೆ ಅನುಮಾನ ಬಂದರೆ ಅದನ್ನು ಡೆಡಿಕೇಟೆಡ್ ಪ್ರೋಸೆಸ್‌ನಲ್ಲಿ, ಅಂದರೆ ರೀಪರ್‌ನಿಂದ ಬೇರೆಯಾದ ಪ್ರೋಗ್ರಾಂ ಆಗಿ, ಓಡಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಬೇರೆ ಸಾಲಾಗಿ ಕಾಣುತ್ತದೆ, ಎಷ್ಟು ನುಂಗಿದೆ ಎಂಬುದು ಕಣ್ಣೆದುರೇ ಇರುತ್ತದೆ. ಹೀಗೆ ನೋಡಿದಾಗಲೇ ಒಂದು ಸ್ಟ್ರಿಂಗ್ಸ್ ಲೈಬ್ರರಿ ನಾನು ಬಳಸದ ಶೈಲಿಗಳನ್ನೂ ಸುಮ್ನೆ ಲೋಡ್ ಮಾಡಿ ಕೂತಿದ್ದು ಗೊತ್ತಾಯಿತು. ಬೇಡದ್ದನ್ನು ತೆಗೆದ ಮೇಲೆ ಅದೇ ಟ್ರ್ಯಾಕ್ ಹಗುರಾಯಿತು. ಹಳೆಯ 32 ಬಿಟ್ ಪ್ಲಗಿನ್ ಇದ್ದವರಿಗೂ ಈ ಸೌಲಭ್ಯ ಉಪಯೋಗ. 32 ಬಿಟ್ ಪ್ರೋಸೆಸ್ ಒಂದಕ್ಕೆ ಎಷ್ಟೇ ಅಂದರೂ 4 ಜಿಬಿ ಮೀರಿ ಸಿಗುವುದಿಲ್ಲ, ಪ್ರತಿಯೊಂದನ್ನೂ ಬೇರೆ ಇಟ್ಟರೆ ಆ ಮಿತಿ ಒಂದೊಂದಕ್ಕೂ ಬೇರೆಯಾಗುತ್ತದೆ.

ಬಫರ್ ಸೈಜ್ (ಪ್ರೊಸೆಸರ್ ಒಂದು ಸಲಕ್ಕೆ ಸಿದ್ಧಮಾಡುವ ಸದ್ದಿನ ತುಣುಕಿನ ಅಳತೆ) ಹೆಚ್ಚಿಸಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ರ‍್ಯಾಮ್‌ಗೆ ಮದ್ದಲ್ಲ. 128ರಿಂದ 512ಕ್ಕೆ ಏರಿಸಿದರೆ ಪ್ರೊಸೆಸರ್‌ಗೆ ಉಸಿರಾಡಲು ಸಮಯ ಸಿಗುತ್ತದೆ, ಪಟಪಟ ಸದ್ದು ನಿಲ್ಲುತ್ತದೆ. ಆದರೆ ಮೆಮೊರಿ ತುಂಬಿ ವಿಂಡೋಸ್ ಡಿಸ್ಕ್‌ಗೆ ಬರೆಯಲು ಶುರುಮಾಡಿದ್ದರೆ, ಬಫರ್ ಎಷ್ಟೇ ಏರಿಸಿದರೂ ಕಂಪ್ಯೂಟರ್ ತೆವಳುತ್ತಲೇ ಇರುತ್ತದೆ.

ರೀಪರ್ ಎಲ್ಲರಿಗೂ ಹೊಂದುತ್ತದೆ ಅನ್ನುವುದಿಲ್ಲ. ಜೊತೆಗೆ ದೊಡ್ಡ ವಾದ್ಯ ಸಂಗ್ರಹ ಬರುವುದಿಲ್ಲ. ಮೆನುಗಳು ಉದ್ದುದ್ದ, ಪಳಗಲು ಸಮಯ ಬೇಕು. ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಲೈವ್ ಆಗಿ ತೆರೆದಿಟ್ಟೇ ಬರೆಯಬೇಕು ಅನ್ನುವವರಿಗೆ ಯಾವ ಸಾಫ್ಟ್‌ವೇರ್ ಕೂಡ 8 ಜಿಬಿಯಲ್ಲಿ ಅದನ್ನು ಮಾಡಿಕೊಡಲಾರದು, ಅವರು 32 ಜಿಬಿ ಇರುವ ಯಂತ್ರವನ್ನೇ ನೋಡಬೇಕು. ನನ್ನ ಹಾಗೆ ಒಂದೊಂದೇ ವಿಭಾಗ ಬರೆದು, ಫ್ರೀಜ್ ಮಾಡಿ ಮುಂದೆ ಹೋಗುವವರಿಗೆ ಧೈರ್ಯವಾಗಿ ಹೇಳುತ್ತೇನೆ, ತೆಗೆದುಕೊಳ್ಳಿ. 60 ದಿನ ಯಾವ ಕತ್ತರಿಯೂ ಇಲ್ಲದೆ ಬಳಸಿ ನೋಡಬಹುದು. ನಿಮ್ಮಲ್ಲಿರುವ ಅತಿ ಭಾರದ ಲೈಬ್ರರಿಯಿಂದಲೇ ಶುರುಮಾಡಿ, ಫ್ರೀಜ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಮೀಟರ್ ನೋಡಿ.