ಬೇಲಿಗೆ ಸಿಸಿಎ ಮರವೋ, ಬೋರಾಕ್ಸ್ ಮರವೋ?

ತೋಟದ ಬೇಲಿಗೂ ಮನೆಯ ಅಟ್ಟಕ್ಕೂ ಒಂದೇ ಬಗೆಯ ರಕ್ಷಕ ಉಣಿಸಿದ ಮರ ತರಬೇಡಿ.

ಸಿಸಿಎ ಎಂದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ, ಮರ ಕೆಡದಂತೆ ಕಾಯುವ ಮಿಶ್ರಣ. 1930ರ ದಶಕದಲ್ಲಿ ಡೆಹ್ರಾಡೂನಿನಲ್ಲಿ ವಿಜ್ಞಾನಿ ಸೊಂಟಿ ಕಾಮೇಶಂ ರೂಪಿಸಿದ್ದು. ತಾಮ್ರ ಶಿಲೀಂಧ್ರವನ್ನು, ಆರ್ಸೆನಿಕ್ ಗೆದ್ದಲನ್ನು ತಡೆಯುತ್ತದೆ; ಕ್ರೋಮಿಯಂ ಎರಡನ್ನೂ ಮರದ ನಾರಿಗೆ ಕಚ್ಚಿಸುತ್ತದೆ. ಮಣ್ಣಲ್ಲಿ ಹೂತ ಕಂಬ ದಶಕಗಳ ಕಾಲ ನಿಲ್ಲುವುದು ಇದರಿಂದಲೇ. ಬೋರಾಕ್ಸ್ ಎಂಬ ಲವಣ ಉಣಿಸಿದ ಮರಕ್ಕೂ ಗೆದ್ದಲು ಹತ್ತದು, ಆದರೆ ಮಳೆಗೆ ಬೋರಾಕ್ಸ್ ತೊಳೆದುಹೋಗುತ್ತದೆ.

ಕೆಲಸ ಬೋರಾಕ್ಸಿನದೇ ಸುಲಭ: ಹಸಿ ಮರವನ್ನು ದ್ರಾವಣದಲ್ಲಿ ಅದ್ದಿಟ್ಟರೂ ಒಳಗಿಳಿಯುತ್ತದೆ. ಸಿಸಿಎಗೆ ಒತ್ತಡದ ಸಿಲಿಂಡರ್ ಬೇಕು.

ಸುರಕ್ಷತೆಯಲ್ಲಿ ನಾನು ರಾಜಿಯಾಗಲಾರೆ. ಹಸಿರು ಛಾಯೆಯ ಸಿಸಿಎ ತುಂಡನ್ನು ಒಲೆಗೆ ಹಾಕಲೇಬಾರದು. ಹೊಗೆ, ಬೂದಿ ಎರಡರಲ್ಲೂ ಆರ್ಸೆನಿಕ್ ಇರುತ್ತದೆ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಸಿಸಿಎ ಉಣಿಸುವುದನ್ನು ಬಹುಪಾಲು ನಿಲ್ಲಿಸಿದರು.

ಜನ ಮುಟ್ಟದ ಬೇಲಿಗೂಟಕ್ಕೆ ಸಿಸಿಎ. ಅಟ್ಟ, ಜಂತೆ, ಕಿಟಕಿ ಚೌಕಟ್ಟಿನ ಒಳಭಾಗಕ್ಕೆ ಬೋರಾಕ್ಸ್. ಮಕ್ಕಳ ಉಯ್ಯಾಲೆ ಕಂಬಕ್ಕೆ ಎರಡೂ ಬೇಡ, ಕಬ್ಬಿಣದ ಪೈಪ್ ಹಾಕಿಸಿ.