ಮೈನ್ಸಿನ ಹಳೇ ಆಸ್ಬೆಸ್ಟಾಸ್ ಶೀಟು ಅರ್ಧ ರೇಟಿಗೆ ಸಿಕ್ಕರೂ ತಗೋಬೇಡಿ

ಹೋದ ಬೇಸಿಗೆಯಲ್ಲಿ ದನದ ಕೊಟ್ಟಿಗೆಗೆ ಸೂರು ಬೇಕಿತ್ತು. ಸಂಡೂರಿಂದ ಹೊಸಪೇಟೆಗೆ ಹೋಗೋ ರಸ್ತೆಯಲ್ಲಿ ಗುಜರಿಯವನೊಬ್ಬ ನಲವತ್ತು ಸಿಮೆಂಟ್ ಶೀಟು ಜೋಡಿಸಿಟ್ಟಿದ್ದ. ಬಂದಾದ ಮೈನ್ಸಿನ ಕ್ವಾರ್ಟರ್ಸಿನಿಂದ ಬಿಚ್ಚಿದ್ದಂತೆ. "ಹಳೇ ಮಾಲು ಅಣ್ಣ, ಈಗಿನ ಶೀಟು ಇಷ್ಟು ಗಟ್ಟಿ ಬರಲ್ಲ" ಅಂದ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಮೈನ್ಸಿನ ಹಳೇ ಸಾಮಾನು ಅನ್ನೋದು ನಮ್ಮ ಕಡೆ ಮಾಮೂಲಿ ಮಾತು. ನಾನೂ ಹೆಚ್ಚು ಕೇಳಲಿಲ್ಲ, ಟ್ರ್ಯಾಕ್ಟರಿಗೆ ಹೇರಿಸಿದೆ.

ಶೀಟು ಒಂದೂವರೆ ಅಡಿ ಉದ್ದ ಜಾಸ್ತಿ ಇತ್ತು. ಫಿಟ್ಟರ್ ಹುಡುಗ ಗ್ರೈಂಡರ್ ತಂದು ಅಂಗಳದಲ್ಲೇ ಕೊಯ್ಯೋಕೆ ಕೂತ. ಮೂಗಿಗೆ ಒಂದು ಟವೆಲ್, ಅಷ್ಟೇ. ಇನ್ನೊಂದು ಮೂಲೆಯಲ್ಲಿ ನನ್ನವಳು ಹಳೇ ಪಂಚೆ ಮೇಲೆ ಸಂಡಿಗೆ ಒಣಗಲಿಟ್ಟಿದ್ದಳು. ಸಂಡಿಗೆ ಬಿಳಿ, ಪಂಚೆ ಬಿಳಿ, ಧೂಳೂ ಬಿಳಿ. ಬೆರಳಾಡಿಸಿದಾಗ ಪುಡಿ ಅಂಟಿಕೊಂಡಿತಲ್ಲ, ಆಗಲೇ ಗೊತ್ತಾಗಿದ್ದು. ಕೊಡವಿ ಡಬ್ಬಿಗೆ ತುಂಬಿದಳು. ಸಂಜೆ ನಾನು ಅಂಗಳ ಗುಡಿಸಿದೆ, ಒಣ ಪೊರಕೆಯಲ್ಲಿ. ಉಳಿದ ಚೂರುಗಳನ್ನ ಕುಟ್ಟಿ ಗೇಟಿನ ಮುಂದಿನ ಗುಂಡಿಗೆ ಸುರಿದೆ. ಮೂರು ತಿಂಗಳು ಟ್ರ್ಯಾಕ್ಟರು ಅದರ ಮೇಲೇ ಓಡಾಡಿ ನುಣ್ಣಗೆ ಅರೆಯಿತು.

ನಾವು ಕೆಂಪು ಧೂಳಲ್ಲಿ ಬೆಳೆದ ಜನ. ಅದಿರಿನ ಲಾರಿ ಕಂಡರೆ ಕೈ ತಾನಾಗಿ ಮೂಗಿಗೆ ಹೋಗುತ್ತೆ. ಈ ಬಿಳಿ ಧೂಳಿಗೆ ವಾಸನೆ ಇಲ್ಲ, ಕಣ್ಣುರಿ ಇಲ್ಲ, ಒಂದು ಕೆಮ್ಮೂ ಬರಲಿಲ್ಲ.

ದಸರಾಕ್ಕೆ ಅಕ್ಕನ ಮಗ ಬಂದ. ತೋರಣಗಲ್ಲು ಕಡೆ ಸೇಫ್ಟಿ ಕೆಲಸ ಅವನದು. ಗೇಟಲ್ಲೇ ನಿಂತು, "ಮಾಮ, ಇದನ್ನ ಕುಟ್ಟಿ ಹಾಕಿದ್ಯಾರು?" ಅಂದ. ನಾನೇ ಅಂದೆ. ಚಪ್ಪಲಿ ಹೊರಗೇ ಬಿಟ್ಟು ಬಂದು ಕೂತು ಹೇಳಿದ: ಈ ಶೀಟಲ್ಲಿ ನೂರಕ್ಕೆ ಹತ್ತರ ಆಸುಪಾಸು ಆಸ್ಬೆಸ್ಟಾಸ್ ಅನ್ನೋ ಕಲ್ಲಿನ ನಾರು ಇರುತ್ತೆ. ಸಿಮೆಂಟು ಹಿಡಿದಿಟ್ಟಿರೋ ತನಕ ಸುಮ್ಮನಿರುತ್ತೆ. ಕೊಯ್ದರೆ, ಕೊರೆದರೆ, ಪುಡಿ ಮಾಡಿದರೆ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು ಗಾಳಿಗೆ ಬಿದ್ದು ಗಂಟೆಗಟ್ಟಲೆ ತೇಲುತ್ತವೆ. ಟವೆಲ್ಲಿಗೆ ಅವು ನಿಲ್ಲಲ್ಲ. ಶ್ವಾಸಕೋಶದಲ್ಲಿ ಕೂತವು ಕರಗೋದೂ ಇಲ್ಲ. ಶ್ವಾಸಕೋಶ ಗಟ್ಟಿಯಾಗಿ ಉಸಿರಾಡೋದೇ ಕಷ್ಟ ಆಗೋ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊದಿಕೆಗೆ ಬರೋ ಮೀಸೋಥೀಲಿಯೋಮಾ ಅನ್ನೋ ಇನ್ನೊಂದು ಕ್ಯಾನ್ಸರ್ ಇದರಿಂದ ಬರುತ್ತವೆ, ಅದೂ ಹತ್ತು, ಇಪ್ಪತ್ತು, ನಲವತ್ತು ವರ್ಷ ಬಿಟ್ಟು. ಬೀಡಿ ಸೇದೋರಿಗೆ ಅಪಾಯ ಹಲವು ಪಟ್ಟು.

ಬಳ್ಳಾರಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ನಕ್ಕರು, ಇಷ್ಟು ಬೇಗ ಇದರಲ್ಲಿ ಏನೂ ಕಾಣಲ್ಲ ಅಂತ. ಒಂದು ದಿನದ ಧೂಳಿನ ಅಪಾಯ ಕಮ್ಮಿ, ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ ಅಂದರು. ನನ್ನದು ಒಂದು ದಿನ. ಆ ಫಿಟ್ಟರ್ ಹುಡುಗ ವಾರಕ್ಕೆರಡು ಶೆಡ್ಡು ಕಟ್ಟುತ್ತಾನೆ. ಅವನ ಅಂಗಿಯ ಧೂಳು ಅವರಮ್ಮನ ಒಗೆಯೋ ಕಲ್ಲಿಗೆ ಹೋಗುತ್ತೆ. ಹೊರದೇಶದಲ್ಲಿ ಗಂಡನ ಬಟ್ಟೆ ಒಗೆದೇ ಕಾಯಿಲೆಗೆ ಬಿದ್ದ ಹೆಂಗಸರಿದ್ದಾರೆ. ಕರೆದು ಹೇಳಿದೆ. "ಅಣ್ಣ, ಎಲ್ಲರೂ ಹಿಂಗೇ ಕೊಯ್ಯೋದು" ಅಂದ.

ಕಾನೂನು ಇಲ್ಲ ಅಂತಲ್ಲ. ಅನಂತಪುರ ದಾಟಿದರೆ ಕಡಪದ ಪುಲಿವೆಂದುಲ ಕಡೆ ಆಸ್ಬೆಸ್ಟಾಸ್ ಗಣಿಗಳೇ ಇದ್ದವು. 1986ರಿಂದ ಸರ್ಕಾರ ಇದಕ್ಕೆ ಹೊಸ ಗಣಿ ಗುತ್ತಿಗೆ ಕೊಡೋದು ನಿಲ್ಲಿಸಿತು. ಆದರೆ ನಾರು ರಷ್ಯಾದಂಥ ದೇಶಗಳಿಂದ ಬರುತ್ತಲೇ ಇದೆ, ಶೀಟು ತಯಾರಾಗುತ್ತಲೇ ಇದೆ. ಐವತ್ತಕ್ಕೂ ಹೆಚ್ಚು ದೇಶ ಇದನ್ನ ನಿಷೇಧಿಸಿವೆ, ನಾವು ನೆಲದಿಂದ ತೆಗೆಯೋದನ್ನ ಮಾತ್ರ ನಿಲ್ಲಿಸಿದೆವು! 1995ರಲ್ಲಿ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕಾರ್ಖಾನೆ ಕಾರ್ಮಿಕರ ಆರೋಗ್ಯ ದಾಖಲೆ 40 ವರ್ಷ ಇಡಬೇಕು, ಕಾಯಿಲೆ ಬಿದ್ದವರಿಗೆ ಪರಿಹಾರ ಕೊಡಬೇಕು ಅಂತ ಹೇಳಿದೆ. ಒಳ್ಳೇದೇ. ನಮ್ಮ ಅಂಗಳದಲ್ಲಿ ಗ್ರೈಂಡರ್ ಹಿಡಿದ ಹುಡುಗನ ಹೆಸರು ಯಾವ ರಿಜಿಸ್ಟರಲ್ಲಿದೆ?

ಆಮೇಲೆ ಮಾಡಿದ್ದು ಇಷ್ಟು. ಗುಂಡಿಗೆ ನೀರು ಹೊಡೆದು ನೆನೆಸಿ, ಮೇಲೆ ಮೊರಂ ಹಾಕಿ ಕಾಂಕ್ರೀಟು ಎಳೆಸಿದೆ. ಉಳಿದ ತುಂಡುಗಳನ್ನ ಒದ್ದೆ ಮಾಡಿಯೇ ಎತ್ತಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿಟ್ಟೆ. ಸಂಡಿಗೆ ಡಬ್ಬಿ ಸಮೇತ ಹೋಯ್ತು, ಅದಕ್ಕೆ ಬೈಸಿಕೊಂಡೆ. ಕೊಟ್ಟಿಗೆ ಮೇಲಿನ ಶೀಟು ಒಡೆದಿಲ್ಲ, ಅಳಿಯನ ಮಾತಿನಂತೆ ಮುಟ್ಟದೆ ಬಿಟ್ಟಿದ್ದೇನೆ. ನಿಮ್ಮ ಮನೆ ಮೇಲೂ ಇದ್ದರೆ ಹತ್ತಬೇಡಿ, ಉಜ್ಜಬೇಡಿ, ತೂತು ಕೊರೆಯಬೇಡಿ. ಕೊಯ್ಯಲೇಬೇಕಾದರೆ ನೀರು ಹಾಕಿ ಕೈಗರಗಸದಲ್ಲಿ, ಮಕ್ಕಳು ಇಲ್ಲದ ಕಡೆ. ಗ್ರೈಂಡರ್ ಬೇಡವೇ ಬೇಡ.

ಗುಜರಿಯವನು ತುಂಡು ವಾಪಸ್ ತಗೊಳ್ಳಲಿಲ್ಲ. ಕಚೇರಿಯೊಂದಕ್ಕೆ ಹೋದರೆ ಇನ್ನೊಂದು ಕಚೇರಿ ತೋರಿಸಿದರು. ಮೂಟೆ ಇನ್ನೂ ಹಿತ್ತಲಲ್ಲೇ ಇದೆ, ಮೇಲೆ ಕೆಂಪು ಬಣ್ಣದಲ್ಲಿ "ಬಿಚ್ಚಬೇಡಿ" ಅಂತ ಬರೆದಿದ್ದೇನೆ. ಮೊನ್ನೆ ಅದೇ ರಸ್ತೆಯಲ್ಲಿ ಬರ್ತಾ ನೋಡಿದೆ, ಅವನ ಅಂಗಡಿ ಮುಂದೆ ಇನ್ನೊಂದು ಲೋಡು ಇಳಿದಿದೆ.